ನೆಲದಡಿಯ ಹಟ್ಟಿಗಳು: ಮಣ್ಣಿನ ಪರೀಕ್ಷೆಯಿಂದ ನವಶಿಲಾಯುಗದ ಹುಡುಕಾಟ

ನೂರಾರು ವರ್ಷ ದನ ಕಟ್ಟಿದ ಜಾಗದ ಮಣ್ಣು ಸಾವಿರಾರು ವರ್ಷ ಕಳೆದರೂ ಪಕ್ಕದ ಮಣ್ಣಿನಂತೆ ಇರುವುದಿಲ್ಲ. ಕಂಬ ಕೊಳೆತು ಹೋಗುತ್ತದೆ, ಹುಲ್ಲಿನ ಸೂರು ಮಾಯವಾಗುತ್ತದೆ, ಬೇಲಿಯ ಗುರುತೂ ಉಳಿಯುವುದಿಲ್ಲ. ಆದರೆ ಸಗಣಿ, ಗಂಜಲ, ಮೂಳೆ ಮತ್ತು ಒಲೆಯ ಬೂದಿಯಿಂದ ಮಣ್ಣಿಗೆ ಸೇರಿದ ರಂಜಕ ಅಲ್ಲೇ ಉಳಿದಿರುತ್ತದೆ. ಪ್ರಾಗೈತಿಹಾಸಿಕ ಕಾಲದ ರೈತರು ಮತ್ತು ದನಗಾಹಿಗಳ ನೆಲೆಗಳನ್ನು ಹುಡುಕುವ ಸಂಶೋಧಕರು ನಂಬಿರುವುದು ಈ ಸರಳ ಸಂಗತಿಯನ್ನೇ.

ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳ ಒಗಟು ಬಿಡಿಸಿದ್ದು ಮಣ್ಣಿನ ರಸಾಯನಶಾಸ್ತ್ರ ಮತ್ತು ಭೂದೃಶ್ಯ ಪುರಾತತ್ವ ಎಂಬ ಎರಡು ಅಧ್ಯಯನ ಕ್ರಮಗಳು. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಮಟ್ಟಿಗೆ ಇವುಗಳ ಅಗತ್ಯ ಇನ್ನೂ ಹೆಚ್ಚು. ಏಕೆಂದರೆ ಕೊಂಗುನಾಡಿನಲ್ಲಿ ದೂರದಿಂದ ಕಣ್ಣಿಗೆ ಬೀಳುವ ಬೂದಿದಿಬ್ಬಗಳಿಲ್ಲ. ಇಲ್ಲಿನ ಹಳೆಯ ನೆಲೆಗಳು ಉಳುವ ಹೊಲದ ಕೆಳಗೆ ಚಪ್ಪಟೆಯಾಗಿ ಮಲಗಿವೆ. ಅವುಗಳ ಗುರುತು ಹೇಳಬಲ್ಲದ್ದು ಮಣ್ಣೊಂದೇ. ಆ ಮಣ್ಣೇ ಇಂದು ಲಾರಿ ಏರುತ್ತಿದೆ ಎಂಬುದು ಚಿಂತೆಯ ವಿಷಯ.

ರಾಕ್ಷಸನ ಬೂದಿಯೋ, ದನದ ಸಗಣಿಯೋ?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯ ಕುಡತಿನಿಯ ಬಳಿ ಬೂದಿಬಣ್ಣದ ದೊಡ್ಡ ದಿಬ್ಬವೊಂದಿದೆ. ಭೀಮ ಕೊಂದ ಹಿಡಿಂಬನ ಬೂದಿ ಇದು ಎಂದು ಜನ ಹೇಳುತ್ತಾ ಬಂದಿದ್ದಾರೆ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗ ಎಂಬುದು ಅಲ್ಲಿನ ನಂಬಿಕೆ. ಇಂತಹ ದಿಬ್ಬಗಳು ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣದ ಒಣಸೀಮೆಯಲ್ಲಿ ನೂರಕ್ಕೂ ಹೆಚ್ಚಿವೆ. ಕೆಲವು ಮೆತ್ತನೆಯ ಬೂದಿಯ ಪದರಗಳಾದರೆ, ಕೆಲವು ಕಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ.

19ನೇ ಶತಮಾನದಲ್ಲಿ ಇವನ್ನು ಕಂಡ ಬ್ರಿಟಿಷ್ ಅಧಿಕಾರಿಗಳು ತಲೆಗೊಂದು ಊಹೆ ಮಾಡಿದರು. ಜ್ವಾಲಾಮುಖಿಯ ಕುರುಹು ಎಂದವರಿದ್ದರು, ಕಬ್ಬಿಣ ಕರಗಿಸಿದ ಜಾಗ ಎಂದವರಿದ್ದರು, ಸಾಮೂಹಿಕ ದಹನದ ಬೂದಿ ಎಂದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇವು ಸುಟ್ಟ ಸಗಣಿಯ ರಾಶಿಗಳು, ನವಶಿಲಾಯುಗದ ಜನರಿಗೆ ಸೇರಿದವು ಎಂಬ ನಿಲುವು ತಳೆದರು. ಆದರೆ ಅದಕ್ಕೆ ಗಟ್ಟಿಯಾದ ಪುರಾವೆ ಸಿಗಲು ಸುಮಾರು ಮುಕ್ಕಾಲು ಶತಮಾನ ಕಾಯಬೇಕಾಯಿತು.

1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದರು. ಅಲ್ಲಿ ಸಾಲಾಗಿ ಕಂಬ ನೆಟ್ಟ ಕುಳಿಗಳು ಮತ್ತು ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳು ಸಿಕ್ಕವು. ದೊಡ್ಡಿಯಲ್ಲಿ ಸಗಣಿ ಪೇರಿಸಿದಂತೆಲ್ಲ ಅದಕ್ಕೆ ಬೆಂಕಿ ಇಟ್ಟಿದ್ದರು, ಮತ್ತೆ ಅದರ ಮೇಲೆಯೇ ದನ ಕಟ್ಟಿದ್ದರು. ಇದೇ ಕಾಲಕ್ಕೆ ಲಂಡನ್ನಿನ ಎಫ್.ಇ. ಜೂನರ್ ಬೂದಿಯ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. 1960ರ ಸುಮಾರಿಗೆ ಪ್ರಕಟವಾದ ಅವರ ಫಲಿತಾಂಶ ಸಗಣಿಯ ವಾದವನ್ನೇ ಎತ್ತಿ ಹಿಡಿಯಿತು. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಮಜುಮ್‌ದಾರ್ ಮತ್ತು ರಾಜಗುರು ಅವರು ಕುಪ್ಪಗಲ್ಲಿನ ದಿಬ್ಬದ ಮೇಲೆ ನಡೆಸಿದ ಕೆಲಸವೂ ಅದಕ್ಕೆ ಬಲ ನೀಡಿತು.

ಹುಲ್ಲು ತಿನ್ನುವ ದನದ ಸಗಣಿಯಲ್ಲಿ ಹುಲ್ಲಿನಿಂದ ಬಂದ ಮರಳಿನಂತಹ ಅಂಶ, ಅಂದರೆ ಸಿಲಿಕಾ, ಹೇರಳವಾಗಿರುತ್ತದೆ. ಸಾಮಾನ್ಯವಾಗಿ ಕಟ್ಟಿಗೆಯ ಬೂದಿಯಲ್ಲಿ ಸುಣ್ಣದಂಶ ಹೆಚ್ಚು, ಸಿಲಿಕಾ ಕಡಿಮೆ. ಸಗಣಿಯ ರಾಶಿ ಬಹಳ ಹೊತ್ತು ಹೆಚ್ಚು ಕಾವಿನಲ್ಲಿ ಉರಿದಾಗ ಸಿಲಿಕಾ ಮತ್ತು ಕ್ಷಾರ ಸೇರಿ ಕರಗಿ ಗಾಜಿನಂತಾಗುತ್ತದೆ. ಜ್ವಾಲಾಮುಖಿಯ ಊಹೆ ಹುಟ್ಟಿದ್ದು ಈ ಗಾಜಿನಂಥ ತುಂಡುಗಳಿಂದಲೇ, ಅದು ಸುಳ್ಳಾದದ್ದೂ ಅವುಗಳಿಂದಲೇ!

ರಂಜಕ ಏಕೆ ಉಳಿಯುತ್ತದೆ?

ಗೊಬ್ಬರ ಹಾಕುವ ರೈತರಿಗೆ ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರು ಹೆಸರು ಚಿರಪರಿಚಿತ. ಈ ಮೂರರಲ್ಲಿ ಸಾರಜನಕ ಗಾಳಿಗೆ ಹಾರುತ್ತದೆ, ಇಲ್ಲವೇ ನೀರಿನೊಂದಿಗೆ ಬಸಿದು ಹೋಗುತ್ತದೆ. ಪೊಟ್ಯಾಷ್ ಕೂಡ ಕ್ರಮೇಣ ಕರಗಿ ಇಳಿಯುತ್ತದೆ. ರಂಜಕದ ಸ್ವಭಾವ ಬೇರೆ. ಹುಳಿ ಮಣ್ಣಿನಲ್ಲಿ ಅದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ, ಸುಣ್ಣದ ಮಣ್ಣಿನಲ್ಲಿ ಸುಣ್ಣದಂಶದ ಜೊತೆ ಕಟ್ಟಿಕೊಂಡು ಬಿದ್ದ ಜಾಗದಲ್ಲಿಯೇ ನಿಲ್ಲುತ್ತದೆ. ಮಣ್ಣೇ ಕೊಚ್ಚಿ ಹೋಗದ ಹೊರತು ಅದು ದೂರ ಸರಿಯುವುದಿಲ್ಲ.

ಹಳೆಯ ಊರಿನ ನೆಲದಲ್ಲಿ ರಂಜಕ ಹೆಚ್ಚಿರುತ್ತದೆ ಎಂಬುದನ್ನು ಮೊದಲು ವ್ಯವಸ್ಥಿತವಾಗಿ ತೋರಿಸಿದವರು ಸ್ವೀಡನ್ನಿನ ಒಲೋಫ್ ಅರೇನಿಯಸ್. ಅದು 1920ರ ದಶಕದ ಕೊನೆಯ ಮಾತು. ಬೆಳೆಗಾಗಿ ಮಣ್ಣು ಪರೀಕ್ಷಿಸುತ್ತಿದ್ದ ಅವರಿಗೆ, ರಂಜಕ ಹೆಚ್ಚಿರುವ ಜಾಗಗಳೂ ಪುರಾತನ ನೆಲೆಗಳೂ ಒಂದರ ಮೇಲೊಂದು ಹೊಂದಿಕೊಳ್ಳುವುದು ಕಂಡುಬಂತು. ಅಂದರೆ ಈ ವಿದ್ಯೆ ಹುಟ್ಟಿದ್ದೇ ಕೃಷಿಯ ಪ್ರಯೋಗಾಲಯದಲ್ಲಿ.

ಕೊಯಮತ್ತೂರಿನ ಮಟ್ಟಿಗೆ ಇದು ಅಪರಿಚಿತ ವಿಷಯವೇನಲ್ಲ. ಇಂದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇರುವ ಆವರಣದಲ್ಲಿ 1909ರಲ್ಲಿ ಶಾಶ್ವತ ಗೊಬ್ಬರ ಪ್ರಯೋಗವೊಂದು ಆರಂಭವಾಯಿತು. ಕೆಲವು ತಾಕುಗಳಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ರಾಸಾಯನಿಕ ಗೊಬ್ಬರ, ಒಂದಕ್ಕೆ ಏನೂ ಇಲ್ಲ. ಒಂದೇ ನೆಲಕ್ಕೆ ದೀರ್ಘಕಾಲ ಒಂದೇ ರೀತಿ ಗೊಬ್ಬರ ಬಿದ್ದರೆ ಮಣ್ಣಿನ ಗುಣ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಅಳೆಯಲು ಕೃಷಿ ವಿಜ್ಞಾನಿಗಳು ಮಾಡಿದ ಏರ್ಪಾಡು ಅದು. ಪುರಾತತ್ವಜ್ಞರು ಕೇಳುವುದೂ ಇದೇ ಪ್ರಶ್ನೆಯನ್ನು, ಕಾಲದ ಅಳತೆ ಮಾತ್ರ ದೊಡ್ಡದು.

ಪರೀಕ್ಷೆ ನಡೆಯುವ ಬಗೆ

ನೆಲೆ ಇರಬಹುದೆಂಬ ಗುಮಾನಿ ಇರುವ ಹೊಲವನ್ನು ಮೊದಲು ಚದುರಂಗದ ಹಲಗೆಯಂತೆ ಚೌಕಗಳಾಗಿ ಗುರುತು ಹಾಕುತ್ತಾರೆ. ಪ್ರತಿ ಚೌಕದಲ್ಲಿ ಕೈ ಬೈರಿಗೆಯಿಂದ ನೆಲ ಕೊರೆದು ಬೇರೆ ಬೇರೆ ಆಳದ ಮಣ್ಣನ್ನು ಪ್ರತ್ಯೇಕ ಚೀಲಗಳಿಗೆ ತುಂಬುತ್ತಾರೆ. ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದು, ಆಮ್ಲದಲ್ಲಿ ಕರಗಿಸಿ, ಮಾಲಿಬ್ಡೇಟ್ ದ್ರಾವಣ ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ರಂಜಕ ಹೆಚ್ಚು. ಹೊಲದಲ್ಲಿಯೇ ಶೋಧಕ ಕಾಗದದ ಮೇಲೆ ಚಿಟಿಕೆ ಮಣ್ಣಿಟ್ಟು ನೋಡುವ ಸುಲಭ ಪರೀಕ್ಷೆಯೂ 1970ರ ದಶಕದಿಂದ ಬಳಕೆಯಲ್ಲಿದೆ. ಫಲಿತಾಂಶಗಳನ್ನು ನಕ್ಷೆಯ ಮೇಲೆ ಬರೆದಾಗ ದನದ ದೊಡ್ಡಿ, ತಿಪ್ಪೆ, ಮನೆಯಂಗಳ ಇದ್ದಿರಬಹುದಾದ ಜಾಗಗಳು ಎದ್ದು ಕಾಣುತ್ತವೆ.

ರೈತರಿಗೆ 2015ರಿಂದ ಸಿಗುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿಯೂ ರಂಜಕದ ಲೆಕ್ಕ ಇರುತ್ತದೆ. ಆದರೆ ಅದು ಬೆಳೆಗೆ ತಕ್ಷಣ ದೊರೆಯುವ ರಂಜಕದ ಲೆಕ್ಕ. ಪುರಾತತ್ವಕ್ಕೆ ಬೇಕಾದದ್ದು ಮಣ್ಣಿನಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿರುವುದೂ ಸೇರಿದಂತೆ ಒಟ್ಟು ರಂಜಕ. ಎರಡೂ ಒಂದೇ ಎಂದು ಭಾವಿಸಬಾರದು.

ರಂಜಕವೊಂದರಿಂದಲೇ ತೀರ್ಪು ಕೊಡುವುದೂ ಸರಿಯಲ್ಲ. ಆದ್ದರಿಂದ ಇತರ ಸಾಕ್ಷಿಗಳನ್ನೂ ಜೊತೆಗೆ ನೋಡುತ್ತಾರೆ:

* ಹುಲ್ಲು ಮತ್ತು ಧಾನ್ಯದ ಗಿಡಗಳಲ್ಲಿ ಬೆಳೆಯುವ ಸೂಕ್ಷ್ಮ ಸಿಲಿಕಾ ಕಣಗಳು. ಗಿಡ ಕೊಳೆತರೂ ಇವು ಉಳಿಯುತ್ತವೆ, ಯಾವ ಬಗೆಯ ಹುಲ್ಲು ಎಂದು ತಿಳಿಸುತ್ತವೆ.
* ಮೇಯುವ ಪ್ರಾಣಿಗಳ ಕರುಳಿನಲ್ಲಿ ಉಂಟಾಗುವ ಸುಣ್ಣದ ಸೂಕ್ಷ್ಮ ಗುಂಡುಗಳು. ಇವು ಸಿಕ್ಕರೆ ಸಗಣಿ ಅಥವಾ ಹಿಕ್ಕೆ ಇತ್ತೆಂಬುದು ಬಹುಮಟ್ಟಿಗೆ ಖಚಿತ. ಹುಳಿ ಮಣ್ಣಿನಲ್ಲಿ ಮಾತ್ರ ಇವು ಕರಗಿ ಹೋಗುತ್ತವೆ.
* ಮಣ್ಣಿನ ಕಾಂತಗುಣ. ಬೆಂಕಿ ಉರಿದ ನೆಲದಲ್ಲಿ ಇದು ಹೆಚ್ಚುತ್ತದೆ, ಹಾಗಾಗಿ ಒಲೆ ಇದ್ದ ಜಾಗ ತಿಳಿಯುತ್ತದೆ.
* ಸಗಣಿ ಮತ್ತು ಮಲದಿಂದ ಬಂದ ಕೊಬ್ಬಿನ ಅಂಶಗಳು. ಮನುಷ್ಯನದೋ ಮೆಲುಕು ಹಾಕುವ ಪ್ರಾಣಿಯದೋ ಎಂದು ಬೇರ್ಪಡಿಸಲು ಇವು ನೆರವಾಗುತ್ತವೆ.
* ಸುಟ್ಟು ಕರಿಕಾದ ಕಾಳುಗಳು. ಮಣ್ಣನ್ನು ನೀರಿನಲ್ಲಿ ಕದಡಿದರೆ ಇವು ಮೇಲೆ ತೇಲುತ್ತವೆ.

ಈ ಕೊನೆಯ ವಿಧಾನದಿಂದಲೇ ದಕ್ಷಿಣ ಭಾರತದ ಮೊದಲ ರೈತರ ಊಟದ ವಿವರ ತಿಳಿದುಬಂತು. ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಬಳ್ಳಾರಿ ಸೀಮೆಯ ನೆಲೆಗಳಿಂದ ಹುರುಳಿ, ಹೆಸರು ಮತ್ತು ಕೊರಲೆಯ ಕಾಳುಗಳನ್ನು ಗುರುತಿಸಿದರು. ಭತ್ತವೂ ಅಲ್ಲ, ಗೋಧಿಯೂ ಅಲ್ಲ, ಮಳೆಯಾಶ್ರಯದ ಹೊಲದಲ್ಲಿ ಕೆಲವೇ ತಿಂಗಳಲ್ಲಿ ಕೈಗೆ ಬರುವ ಕಿರುಧಾನ್ಯ ಮತ್ತು ಬೇಳೆಕಾಳುಗಳೇ ಮುಖ್ಯ ಬೆಳೆ. ಹುರುಳಿ ಇಂದಿಗೂ ಕೊಂಗುನಾಡಿನ ಒಣಹೊಲದ ಬೆಳೆ.

ದಿಬ್ಬದಿಂದ ಊರಿಗೆ, ಊರಿನಿಂದ ಸೀಮೆಗೆ

ಸಗಣಿಯ ಬೂದಿ ಎಂದು ಗೊತ್ತಾದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ಜನ ಎಲ್ಲಿದ್ದರು, ಹೊಲ ಎಲ್ಲಿತ್ತು, ದನಗಳು ಎಲ್ಲಿ ಮೇದವು ಎಂಬ ಪ್ರಶ್ನೆಗಳು ಉಳಿದವು. ಇವಕ್ಕೆ ಉತ್ತರಿಸುವುದು ಭೂದೃಶ್ಯ ಪುರಾತತ್ವದ ಕೆಲಸ. ಒಂದು ಗುಂಡಿ ಅಗೆದು ಸಿಕ್ಕಿದ್ದನ್ನು ಎಣಿಸುವುದರ ಬದಲು ಬೆಟ್ಟ, ಹಳ್ಳ, ಮಣ್ಣಿನ ಬಗೆ, ಹುಲ್ಲುಗಾವಲು, ಕಲ್ಲಿನ ಗಣಿ, ದಾರಿ ಎಲ್ಲವನ್ನೂ ಒಟ್ಟಿಗೆ ನೋಡುವ ಕ್ರಮ ಇದು.

1990ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದಿಬ್ಬದ ಸುತ್ತಲಿನ ನೆಲವನ್ನೂ ಅಗೆದರು. ದಿಬ್ಬಕ್ಕೆ ಹೊಂದಿಕೊಂಡೇ ವಾಸದ ಜಾಗ, ಕಲ್ಲಿನ ಉಪಕರಣ ತಯಾರಿಸಿದ ಜಾಗ, ದನ ಕಡಿದು ಮಾಂಸ ಹಂಚಿದ ನೆಲ ಎಲ್ಲವೂ ಸಿಕ್ಕವು. ದಿಬ್ಬ ಊರಾಚೆಯ ದೊಡ್ಡಿಯಷ್ಟೇ ಅಲ್ಲ, ಊರಿನ ಭಾಗವೇ ಆಗಿತ್ತು ಎಂಬುದು ಇದರಿಂದ ಸ್ಪಷ್ಟವಾಯಿತು. ಸಂಗನಕಲ್ಲು-ಕುಪ್ಪಗಲ್ಲಿನಲ್ಲಿ ಕೋರಿಶೆಟ್ಟರ್, ನಿಕೋಲ್ ಬೋವಿನ್ ಮತ್ತು ಫುಲ್ಲರ್ ಅವರ ತಂಡ ಬೆಟ್ಟದ ಮೇಲಿನ ಊರು, ಕಲ್ಲುಕೊಡಲಿ ತಯಾರಿಕೆಯ ಹಿರೇಗುಡ್ಡ ಮತ್ತು ಬಯಲಿನ ಬೂದಿದಿಬ್ಬಗಳನ್ನು ಒಂದೇ ಚಿತ್ರವಾಗಿ ಅಧ್ಯಯನ ಮಾಡಿತು. ಇಂಗಾಲದ ಕಾಲಮಾಪನದ ಪ್ರಕಾರ ದಕ್ಷಿಣದ ಈ ನವಶಿಲಾಯುಗ ಸರಿಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ಹರಡಿದೆ.

ಎಲ್ಲ ವಿದ್ವಾಂಸರೂ ಒಂದೇ ಮಾತು ಹೇಳುವುದಿಲ್ಲ. ಬರೀ ತಿಪ್ಪೆ ಸುಡುವುದಕ್ಕೆ ಇಷ್ಟು ಕಾಲ, ಇಷ್ಟು ಎತ್ತರ ಬೇಕಿರಲಿಲ್ಲ, ಜಾತ್ರೆಯಂತೆ ಜನ ಸೇರಿ ಆಚರಣೆಯಾಗಿ ಬೆಂಕಿ ಇಟ್ಟಿರಬೇಕು ಎನ್ನುವುದು ಪೀಟರ್ ಜೊಹಾನ್ಸನ್ ಮೊದಲಾದವರ ವಾದ. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡ ಕನ್ನಡಿಗರಿಗೆ ಇದು ತೀರ ವಿಚಿತ್ರ ಎನಿಸಲಾರದು. ಆಲ್ಚಿನ್ ಅವರೂ ಇಂತಹ ಹಬ್ಬಗಳ ಕಡೆಗೆ ಬೊಟ್ಟು ಮಾಡಿದ್ದರು. ಮಣ್ಣು ಏನು ಸುಟ್ಟರು ಎಂದು ಹೇಳುತ್ತದೆ. ಏಕೆ ಸುಟ್ಟರು ಎಂಬುದಕ್ಕೆ ಸುತ್ತಲಿನ ಸೀಮೆಯನ್ನೂ ಜನಜೀವನವನ್ನೂ ಓದಬೇಕಾಗುತ್ತದೆ.

ಕೊಂಗುನಾಡಿನ ಚಿತ್ರ

ಕೊಂಗುನಾಡಿನ ಪ್ರಾಚೀನತೆ ಎಂದರೆ ಹಿಂದೆ ಎಲ್ಲರ ನೆನಪಿಗೆ ಬರುತ್ತಿದ್ದುದು ರೋಮನ್ ನಾಣ್ಯಗಳು ಮತ್ತು ಕೊಡುಮಣಲ್. ಈರೋಡು ಜಿಲ್ಲೆಯಲ್ಲಿ ನೊಯ್ಯಲ್ ದಂಡೆಯ ಮೇಲಿರುವ ಕೊಡುಮಣಲ್‌ನಲ್ಲಿ 1985ರಿಂದ ಹಲವು ಸುತ್ತಿನ ಉತ್ಖನನ ನಡೆದು ಕಬ್ಬಿಣದ ಕುಲುಮೆ, ಮಣಿ ತಯಾರಿಕೆಯ ಕುರುಹುಗಳು ದೊರೆತಿವೆ. ತಿರುಪ್ಪೂರು ಜಿಲ್ಲೆಯ ಕೊಂಗಲ್‌ನಗರಂನಲ್ಲಿ 2024ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಉತ್ಖನನ ಕೈಗೊಂಡಿತು.

ಇವೆರಡಕ್ಕಿಂತ ಹಿಂದಿನ ಕಾಲಕ್ಕೆ ಕರೆದೊಯ್ಯುವುದು ಕೊಯಮತ್ತೂರಿನ ಪಶ್ಚಿಮಕ್ಕೆ, ಬೆಟ್ಟದ ತಪ್ಪಲಿನಲ್ಲಿರುವ ಮೋಳಪಾಳಯಂ. ತಂಜಾವೂರಿನ ತಮಿಳು ವಿಶ್ವವಿದ್ಯಾಲಯದ ತಂಡ ಇಲ್ಲಿ ಇತ್ತೀಚಿನ ವರ್ಷಗಳಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದು ತೆಗೆದಿದೆ. ಕಾಲ ಕ್ರಿ.ಪೂ. 1600ರಿಂದ 1400ರ ಸುಮಾರು. ದನ, ಕುರಿ, ಆಡುಗಳ ಮೂಳೆ, ಕಲ್ಲಿನ ಉಪಕರಣ, ಮಡಕೆಯ ಚೂರು, ಮನುಷ್ಯರ ಸಮಾಧಿಗಳ ಜೊತೆಗೆ ಕಡಲ ಚಿಪ್ಪಿನ ಮಣಿಗಳೂ ಸಿಕ್ಕಿವೆ. ಬೆಟ್ಟದ ಬುಡದಲ್ಲಿ ದನ ಮೇಯಿಸುತ್ತಿದ್ದವರಿಗೆ ಸಮುದ್ರದ ಸರಕು ತಲುಪುತ್ತಿತ್ತು ಎಂದಾಯಿತು.

ನಕ್ಷೆ ಮುಂದಿಟ್ಟುಕೊಂಡರೆ ಇದರ ಅರ್ಥ ತಿಳಿಯುತ್ತದೆ. ಪಶ್ಚಿಮ ಘಟ್ಟದ ಗೋಡೆಯಲ್ಲಿ ದೊಡ್ಡ ತೆರವು ಇರುವುದು ಪಾಲಕ್ಕಾಡು ಕಣಿವೆಯಲ್ಲಿ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ಕೊಯಮತ್ತೂರು, ತಿರುಪ್ಪೂರು ದಾಟಿ ಕರೂರು ಜಿಲ್ಲೆಯಲ್ಲಿ ಕಾವೇರಿ ಸೇರುತ್ತದೆ. ಅದೇ ಕಾವೇರಿಯ ಮೇಲ್ಭಾಗದಲ್ಲಿ, ಮೈಸೂರು ಜಿಲ್ಲೆಯ ತಿ. ನರಸೀಪುರದ ಸಂಗಮದಲ್ಲಿ ಮತ್ತೊಂದು ನವಶಿಲಾಯುಗದ ನೆಲೆ ಇದೆ. ಇಂದಿನ ರಾಜ್ಯಗಳ ಗಡಿ ಅಂದಿನ ದನಗಾಹಿಗಳಿಗೆ ಇರಲಿಲ್ಲ.

ಹಳೆಯ ಬದುಕನ್ನು ಊಹಿಸಲು ಇಲ್ಲಿನ ಈಗಿನ ಬದುಕೂ ನೆರವಾಗುತ್ತದೆ. ಕಾಂಗೇಯಂ, ಧಾರಾಪುರಂ ಭಾಗದಲ್ಲಿ ಮುಳ್ಳುಗಿಡದ ಬೇಲಿ ಕಟ್ಟಿ ಹುಲ್ಲು ಮತ್ತು ಬಿಳಿಜಾಲಿ ಬೆಳೆಸಿದ ‘ಕೊರಂಗಾಡು’ ಎಂಬ ಮೇವಿನ ಹೊಲಗಳಿವೆ. ಕಾಂಗೇಯಂ ತಳಿಯ ದನಗಳು ಮೇಯುವುದು ಇವುಗಳಲ್ಲಿ. ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುವುದೂ ರೂಢಿ. ತಮಿಳಿನಲ್ಲಿ ದೊಡ್ಡಿಗೂ ಸಣ್ಣ ಊರಿಗೂ ‘ಪಟ್ಟಿ’ ಎನ್ನುತ್ತಾರೆ. ಕನ್ನಡದ ‘ಹಟ್ಟಿ’ ಅದೇ ಮಾತು. ಊರಿನ ಹೆಸರಿನಲ್ಲಿ ಪಟ್ಟಿ ಇದ್ದ ಮಾತ್ರಕ್ಕೆ ಅದು ನವಶಿಲಾಯುಗದ್ದು ಆಗುವುದಿಲ್ಲ ನಿಜ. ಆದರೆ ದೊಡ್ಡಿಯೇ ಊರಾಗುವ ಕ್ರಮ ಈ ನೆಲಕ್ಕೆ ಹೊಸದಲ್ಲ.

ಇಲ್ಲಿನ ಮಣ್ಣಿನ ತೊಡಕುಗಳು

ಬಳ್ಳಾರಿಯ ಪಾಠವನ್ನು ಹಾಗೆಯೇ ಇಲ್ಲಿಗೆ ತರಲು ಆಗದು. ಕೊಯಮತ್ತೂರು, ತಿರುಪ್ಪೂರಿನಲ್ಲಿ ಕಪ್ಪು ಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ. ಮೇಲಿನ ಮಡಕೆ ಚೂರು ಬಿರುಕಿನೊಳಗೆ ಇಳಿದು ಹಳೆಯ ಪದರ ಸೇರಬಹುದು. ತಪ್ಪಲಿನ ಕೆಂಪು ಮಣ್ಣು ಮಳೆಗೆ ಕೊಚ್ಚಿ ಬಂದು ಕೆಳಗಿನ ನೆಲೆಯನ್ನು ಮುಚ್ಚಬಹುದು.

ಎರಡನೆಯದು ಗೊಬ್ಬರದ ತೊಡಕು. ದಶಕಗಳಿಂದ ಹಾಕುತ್ತಿರುವ ಡಿಎಪಿ, ಸೂಪರ್ ಫಾಸ್ಫೇಟ್‌ಗಳಿಂದ ಹೊಲದ ಮೇಲ್ಮಣ್ಣಿನಲ್ಲಿ ರಂಜಕ ತುಂಬಿದೆ. ಆದ್ದರಿಂದ ನೇಗಿಲು ತಾಗದ ಆಳದಿಂದ ಮಾದರಿ ತೆಗೆಯಬೇಕು, ನೆಲೆಯ ಆಚೆಗಿನ ಮಣ್ಣನ್ನೂ ಪರೀಕ್ಷಿಸಿ ಹೋಲಿಸಬೇಕು. ಮೂರನೆಯದು ಕೆರೆಯ ಹೂಳು. ತಮಿಳುನಾಡಿನಲ್ಲಿ ‘ವಂಡಲ್ ಮಣ್’ ಎಂದು ಕರೆಯುವ ಹೂಳನ್ನು ಹೊಲಕ್ಕೆ ಹೊಡೆಯುವುದು ಒಳ್ಳೆಯ ಪದ್ಧತಿಯೇ. ಆದರೆ ಅದರೊಂದಿಗೆ ಬೇರೆಡೆಯ ಮಡಕೆ ಚೂರೂ, ಬೇರೆಡೆಯ ರಂಜಕವೂ ಬಂದು ಸೇರುತ್ತವೆ. ಯಾವ ಹೊಲಕ್ಕೆ ಯಾವ ಕೆರೆಯ ಮಣ್ಣು ಬಿತ್ತು ಎಂಬುದನ್ನು ಹೇಳಬಲ್ಲವರು ಆ ಊರಿನ ರೈತರು ಮಾತ್ರ. ಹೀಗಾಗಿ ಅವರ ನೆನಪೂ ಈ ಅಧ್ಯಯನದ ಒಂದು ದಾಖಲೆಯೇ.

ಕಳೆದುಹೋಗುತ್ತಿರುವುದು

ಬಳ್ಳಾರಿ ಸೀಮೆಯ ಹಲವು ಬೂದಿದಿಬ್ಬಗಳನ್ನು ಜನ ಹೊಲಕ್ಕೆ ಗೊಬ್ಬರವೆಂದು ಅಗೆದು ಒಯ್ದಿದ್ದಾರೆ. ನಾಲ್ಕು ಸಾವಿರ ವರ್ಷದ ಹಿಂದಿನ ಸಗಣಿ ಇಂದಿಗೂ ಗೊಬ್ಬರವಾಗಿ ಉಪಯೋಗಕ್ಕೆ ಬರುತ್ತದೆ ಎಂಬುದೇ ಅದಕ್ಕೆ ಶತ್ರುವಾಯಿತು. ಕುಪ್ಪಗಲ್ಲಿನ ಗುಡ್ಡಕ್ಕೆ ಕಲ್ಲು ಗಣಿಗಾರಿಕೆಯ ಏಟೂ ಬಿತ್ತು. ಆದರೂ ಅಲ್ಲಿ ದಿಬ್ಬ ಕಣ್ಣಿಗೆ ಕಾಣುತ್ತದೆ, ಅಗೆದರೆ ಯಾರಾದರೂ ಕೇಳುತ್ತಾರೆ. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನಲ್ಲಿ ಸಂಗನಕಲ್ಲು ವಸ್ತು ಸಂಗ್ರಹಾಲಯವೂ ಆಗಿದೆ.

ಕೊಂಗುನಾಡಿನಲ್ಲಿ ಅಷ್ಟೂ ರಕ್ಷಣೆಯಿಲ್ಲ. ಕೊಯಮತ್ತೂರಿನ ತಡಾಗಂ ಕಣಿವೆಯಲ್ಲಿ ಇಟ್ಟಿಗೆಗಾಗಿ ಕೆಂಪು ಮಣ್ಣನ್ನು ಆಳವಾಗಿ ತೋಡಲಾಯಿತು. 2021ರಲ್ಲಿ ಜಿಲ್ಲಾ ಆಡಳಿತ ಪರವಾನಗಿಯಿಲ್ಲದ ಇಟ್ಟಿಗೆ ಗೂಡುಗಳನ್ನು ಮುಚ್ಚಿಸಿತು. ಹೋದ ಮಣ್ಣು ಮಾತ್ರ ಮರಳಿ ಬರುವಂತಿಲ್ಲ. ಮೋಳಪಾಳಯಂನಂತಹ ನೆಲೆಗಳು ಇರುವುದೂ ಇಂತಹ ತಪ್ಪಲಿನಲ್ಲಿಯೇ. ಚೂರು ಮಡಕೆ ವಸ್ತು ಸಂಗ್ರಹಾಲಯ ಸೇರಿದರೂ ಅದು ಸಿಕ್ಕ ಮಣ್ಣು ಇಟ್ಟಿಗೆಯಾಗಿದ್ದರೆ ಅಲ್ಲಿ ದನ ಇದ್ದವೋ, ಹುರುಳಿ ಬೆಳೆದರೋ ಎಂದು ತಿಳಿಯುವ ದಾರಿ ಮುಚ್ಚುತ್ತದೆ.

ಬಾವಿ, ಪೈಪ್‌ಲೈನ್, ಮನೆಯ ಪಾಯ ತೋಡುವಾಗ ನಯಗೊಳಿಸಿದ ಕಲ್ಲುಕೊಡಲಿ, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಯ ಚೂರುಗಳು, ಸುತ್ತಲಿನ ಮಣ್ಣಿಗಿಂತ ಬೇರೆ ಬಣ್ಣದ ಬೂದಿಯ ಪಟ್ಟೆ ಅಥವಾ ಹಗೇವಿನಂತಹ ಗುಂಡಿ ಕಂಡುಬಂದರೆ, ಅವನ್ನು ಕಿತ್ತು ತೆಗೆಯದೆ ಜಾಗ ಮತ್ತು ಆಳವನ್ನು ಗುರುತು ಮಾಡಿಕೊಂಡು ಪುರಾತತ್ವ ಇಲಾಖೆಗೆ ಅಥವಾ ತಾಲ್ಲೂಕು ಕಚೇರಿಗೆ ತಿಳಿಸುವುದು ಒಳಿತು. ವಸ್ತುವಿನ ಜೊತೆ ಸುತ್ತಲಿನ ಮಣ್ಣೂ ಅಲ್ಲೇ ಉಳಿದಿದ್ದರೆ ಮಾತ್ರ ಪರೀಕ್ಷೆಗೆ ಬೆಲೆ.